ಹಾಜರಿ ಪುಸ್ತಕದ ನಂಟು

ನಮ್ಮಲ್ಲಿ ರೂಢಿಯಲ್ಲಿರುವ ಷೋಡಶ ಸಂಸ್ಕಾರಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೋಗುವವರ ಕಣ್ಣಿಗೆ ಒಂದು ವಿಚಿತ್ರವಾದ ತೆರಪು ಬೀಳದಿರದು. ಸೀಮಂತ, ಜಾತಕರ್ಮ, ನಾಮಕರಣ, ಅನ್ನಪ್ರಾಶನ, ಚೌಲ, ಉಪನಯನ ಎಂದು ಹೆಜ್ಜೆಹೆಜ್ಜೆಗೂ ಮನುಷ್ಯನ ಕೈಹಿಡಿದು ನಡೆಸುವ ಪೂರ್ವಿಕರು, ವಿವಾಹವನ್ನು ಮಾಡಿಸಿ ತಲೆಯ ಮೇಲೆ ಅಕ್ಷತೆ ಹಾಕಿದವರೇ ಅವನನ್ನು ಒಮ್ಮೆಗೇ ಬಿಟ್ಟುಬಿಡುತ್ತಾರೆ. ಅಲ್ಲಿಂದ ಮುಂದಿನ ಸಂಸ್ಕಾರವೆಂದರೆ ಅಂತ್ಯೇಷ್ಟಿಯೇ. ಐವತ್ತಕ್ಕೊಂದು ಶಾಂತಿಯನ್ನು ಮಾಡಿಸುವ ಮನೆಗಳು ಅಲ್ಲಲ್ಲಿ ಉಂಟಾದರೂ ಬಹುಜನರಿಗೆ ತಿಳಿದಿರುವುದು ಅರವತ್ತರ ಷಷ್ಟ್ಯಬ್ದಿ, ಆಯುಸ್ಸು ಗಟ್ಟಿಯಾಗಿದ್ದರೆ ಸಹಸ್ರಚಂದ್ರದರ್ಶನ, ಇಷ್ಟೆ. ನಡುವಣ ಕಾಲವನ್ನು ನೋಡಿಕೊಳ್ಳುವುದಕ್ಕೆ ಶಾಸ್ತ್ರವು ಯಾರನ್ನೂ ನೇಮಿಸಿದಂತೆ ಕಾಣುವುದಿಲ್ಲ. ವಾನಪ್ರಸ್ಥವೆಂಬ ಏರ್ಪಾಡಿತ್ತಲ್ಲವೆ ಎಂದು ಯಾರಾದರೂ ಕೇಳಬಹುದು. ಆದರೆ ಹೋಗಿ ನೆಲಸಬೇಕಾದ ಕಾಡು ಈಗ ಅರಣ್ಯ ಇಲಾಖೆಯ ವಶದಲ್ಲಿರುವುದರಿಂದಲೂ, ಮನೆಯ ಸಾಲದ ಕಂತು ಇನ್ನೂ ತೀರದಿರುವುದರಿಂದಲೂ ಆ ಮಾತನ್ನು ಇಲ್ಲಿಗೇ ಬಿಡೋಣ.

ನಲವತ್ತೈದರಿಂದ ಅರವತ್ತರವರೆಗಿನ ಈ ಅವಧಿಯಲ್ಲಿ ಬಾಳಿಗೆ ಒದಗುವ ಪಲ್ಲಟಗಳು ಯೌವನದವುಗಳಿಗಿಂತ ಯಾವ ರೀತಿಯಿಂದಲೂ ಕಡಮೆಯವಲ್ಲ. ತಂದೆಗೆ ಮರೆವು ಕವಿದು, ಹೆತ್ತ ಮಗನನ್ನೇ ಯಾವ ಊರಾಯಿತು ತಮ್ಮದು ಎಂದು ವಿನಯದಿಂದ ವಿಚಾರಿಸುವುದು. ಮಗಳು ಪರದೇಶಕ್ಕೆ ಹೊರಟುಹೋಗಿ ಮನೆಯ ಒಂದು ಕೋಣೆ ಹಬ್ಬಕ್ಕೆ ಮಾತ್ರ ಕಸ ಗುಡಿಸಿಕೊಳ್ಳುವಂತಾಗುವುದು. ಸಕ್ಕರೆ ಕಾಯಿಲೆಯ ಗುಳಿಗೆ ಊಟದೆಲೆಯ ಪಕ್ಕದಲ್ಲಿ ಉಪ್ಪಿನಕಾಯಿಯಷ್ಟೇ ಖಾಯಮ್ಮಾಗಿ ಬಂದು ಕೂರುವುದು. ಇಪ್ಪತ್ತೈದು ವರ್ಷ ದುಡಿದ ಕಂಪೆನಿಯವರು ಒಂದು ಬೆಳಗ್ಗೆ ಕರೆದು ಅತಿ ಸೌಜನ್ಯದಿಂದ ಕಾಗದವನ್ನು ಕೈಗಿಡುವುದು. ಮಕ್ಕಳ ನೆಪದಲ್ಲಿ ನಡೆದುಬಂದಿದ್ದ ದಾಂಪತ್ಯವು ಮಕ್ಕಳು ದೂರವಾದ ಮೇಲೆ ಮಾತಿಗೆ ವಿಷಯವಿಲ್ಲದೆ ನಿಂತುಬಿಡುವುದು. ಇವುಗಳಲ್ಲಿ ಒಂದಲ್ಲ ಒಂದು ಪ್ರತಿಯೊಬ್ಬರ ಬಾಗಿಲನ್ನೂ ತಟ್ಟುತ್ತದೆ. ಯೌವನದಲ್ಲಿ ಕಷ್ಟ ಬಂದರೆ ಸಲಹೆ ಹೇಳುವವರು ಊರತುಂಬ ಇದ್ದರು. ನಡುವಯಸ್ಸಿನವನು ಸಲಹೆ ಹೇಳುವವರ ಪೀಠದಲ್ಲಿ ತಾನೇ ಕುಳಿತಿರುವುದರಿಂದ ಅವನಿಗೆ ಹೇಳತಕ್ಕವರು ಯಾರೂ ಉಳಿದಿರುವುದಿಲ್ಲ. ಅವನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೂ ಸ್ಥಳವಿರುವುದಿಲ್ಲ. ಹೆಂಡತಿಗೆ ಹೇಳಿದರೆ ಹೆದರಿಯಾಳು, ಅಣ್ಣತಮ್ಮಂದಿರಿಗೆ ಹೇಳೋಣವೆಂದರೆ ಪಾಲುಪಟ್ಟಿಯ ಮಾತು ಇನ್ನೂ ಹಸಿಯಾಗಿದೆ, ಕಚೇರಿಯ ಮಿತ್ರರಿಗೆ ಹೇಳಿದ್ದು ಮಧ್ಯಾಹ್ನದೊಳಗೆ ಮೇಲಧಿಕಾರಿಯ ಕಿವಿಗೆ ಬಿದ್ದಿರುತ್ತದೆ.

ಹೀಗೆ ಒಬ್ಬೊಬ್ಬರನ್ನೇ ತೆಗೆದುಹಾಕುತ್ತ ಬಂದರೆ ಕೊನೆಗೆ ಉಳಿಯುವವರು ಕಾಲೇಜಿನಲ್ಲಿ ಜತೆಗೆ ಓದಿದವರು. ಈ ಸಹಾಧ್ಯಾಯಿಗಳ ನಂಟನ್ನು ನಾವು ವರ್ಷಕ್ಕೊಮ್ಮೆ ಊಟಕ್ಕೂ ಫೋಟೋಕ್ಕೂ ಮೀಸಲಾಗಿಟ್ಟು, ಅದು ಮಾಡಬಲ್ಲ ದೊಡ್ಡ ಕೆಲಸವನ್ನು ಅದರಿಂದ ಮಾಡಿಸದೆ ಇರುವುದು ಸಮಾಜಕ್ಕೇ ಒಂದು ನಷ್ಟವೆಂಬುದು ನನ್ನ ಅಭಿಪ್ರಾಯ.

ಈ ನಂಟಿನ ಹುಟ್ಟನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ರಕ್ತಸಂಬಂಧವನ್ನು ವಿಧಿ ಕೊಡುತ್ತದೆ, ಬೀಗತನವನ್ನು ಹಿರಿಯರು ಗೊತ್ತುಮಾಡುತ್ತಾರೆ, ಉಳಿದ ಸ್ನೇಹಗಳನ್ನು ನಾವು ನಮ್ಮ ನಮ್ಮ ಅಭಿರುಚಿಗೆ ತಕ್ಕಂತೆ ಆರಿಸಿಕೊಳ್ಳುತ್ತೇವೆ. ಸಹಪಾಠಿಯನ್ನು ಮಾತ್ರ ನಮಗೆ ಗಂಟುಹಾಕಿದ್ದು ಹಾಜರಿ ಪುಸ್ತಕ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರುಗಳನ್ನು ಬರೆದು, ನಂಬರು ಕೊಟ್ಟು, ಆ ನಂಬರುಗಳ ಆಧಾರದ ಮೇಲೆ ಪ್ರಯೋಗಶಾಲೆಯ ಬ್ಯಾಚುಗಳನ್ನು ಮಾಡುತ್ತಿದ್ದ ಗುಮಾಸ್ತರಿಗೆ ತಾವು ಎಂಥ ಸಮಾಜಸುಧಾರಣೆ ಮಾಡುತ್ತಿದ್ದೇವೆಂಬುದರ ಅರಿವು ಇದ್ದಿರಲಾರದು. ಹೆಸರಿನ ಮೊದಲಕ್ಷರ ಒಂದೇ ಆದ ಮಾತ್ರಕ್ಕೆ ಗೌಡರ ಹುಡುಗನೂ ಮುಸಲ್ಮಾನರ ಹುಡುಗನೂ ಪುರೋಹಿತರ ಮಗಳೂ ಕೇರಿಯಿಂದ ಬಂದ ಹುಡುಗನೂ ಒಂದೇ ಬ್ಯೂರೆಟ್ಟಿನ ಎದುರಿಗೆ ನಿಂತು, ಒಂದೇ ಪಿಪೆಟ್ಟಿಗೆ ಸರದಿಯಂತೆ ಬಾಯಿಟ್ಟು ಆಮ್ಲವನ್ನು ಎಳೆಯುತ್ತಿದ್ದರು. ಎಂಜಲಿನ ವಿಚಾರದಲ್ಲಿ ನಮ್ಮ ಊರುಗಳು ಎಷ್ಟು ನಿಷ್ಠುರವಾಗಿದ್ದವೆಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಸಂಜೆ ಐದು ಗಂಟೆಯಾಯಿತೆಂದರೆ ಆ ನಾಲ್ವರೂ ನಾಲ್ಕು ದಿಕ್ಕಿಗೆ ಹೊರಟುಹೋಗುತ್ತಿದ್ದರು: ಒಬ್ಬನು ಒಕ್ಕಲಿಗರ ಹಾಸ್ಟೆಲಿಗೆ, ಒಬ್ಬನು ಸರ್ಕಾರದ ಬಿ.ಸಿ.ಎಂ. ಹಾಸ್ಟೆಲಿಗೆ, ಇನ್ನೊಬ್ಬನು ಪರಿಶಿಷ್ಟರ ವಿದ್ಯಾರ್ಥಿನಿಲಯಕ್ಕೆ, ಹುಡುಗಿಯು ಸೋದರತ್ತೆಯ ಮನೆಗೆ. ಜಾತಿಗೊಂದರಂತೆ ಎದ್ದ ಆ ವಿದ್ಯಾರ್ಥಿನಿಲಯಗಳು ಇಲ್ಲದಿದ್ದರೆ ಕರ್ನಾಟಕದ ಬಡಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಕಾಲೇಜಿನ ಮುಖವನ್ನೇ ಕಾಣುತ್ತಿರಲಿಲ್ಲವೆಂಬುದು ನಿಜ. ಅವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ರಾತ್ರಿಯ ಊಟ ಯಾವ ಪಂಕ್ತಿಯಲ್ಲಿ ನಡೆಯಿತೋ ಮುಂದಿನ ಬಾಳೂ ಬಹುಮಟ್ಟಿಗೆ ಅದೇ ಪಂಕ್ತಿಯಲ್ಲಿ ನಡೆಯಿತು. ಮದುವೆ ಆ ಪಂಕ್ತಿಯೊಳಗೆ, ಮನೆ ಕಟ್ಟಿಸಿದ ಬಡಾವಣೆ ಆ ಪಂಕ್ತಿಯವರದು, ಸಾಲ ತೆಗೆದ ಸಹಕಾರ ಸಂಘವೂ ಅವರದೇ. ಅದರ ಹೊರಗೆ ನಮಗೆ ಉಳಿದ ಗಾಢವಾದ ನಂಟೆಂದರೆ ಹಗಲಿನ ಆ ಹಾಜರಿ ಪುಸ್ತಕ ಕೊಟ್ಟದ್ದೊಂದೇ.

ನಡುವಯಸ್ಸಿನಲ್ಲಿ ಇದರ ಪ್ರಯೋಜನವೇನೆಂದು ಕೇಳಿದರೆ, ಉತ್ತರ ಬಹಳ ಲೌಕಿಕವಾದದ್ದು. ಮಗನಿಗೆ ಖಿನ್ನತೆಯ ವ್ಯಾಧಿ ಎಂದಾಗಲಿ, ಮಗಳು ಗಂಡನ ಮನೆಯಿಂದ ಬಂದುಬಿಟ್ಟಿದ್ದಾಳೆ ಎಂದಾಗಲಿ ನಂಟರಲ್ಲಿ ಒಬ್ಬರಿಗೆ ಹೇಳಿದರೆ, ಮುಂದಿನ ಲಗ್ನಸರಾಯಿಯೊಳಗೆ ಆ ಸುದ್ದಿ ಮೂರು ಜಿಲ್ಲೆಗಳನ್ನು ಸುತ್ತಿ, ಎರಡನೆಯ ಮಗಳಿಗೆ ಬಂದ ಸಂಬಂಧವನ್ನು ಬಾಗಿಲಲ್ಲೇ ಹಿಂದಕ್ಕೆ ಕಳುಹಿಸಿರುತ್ತದೆ. ನಂಟರು ಕೆಟ್ಟವರೆಂದಲ್ಲ, ಹೆಣ್ಣುಗಂಡು ಕೊಟ್ಟು ತರುವ ಬಳಗಕ್ಕೆ ನಮ್ಮ ಮನೆಯ ಗುಟ್ಟು ಒಂದು ವ್ಯವಹಾರದ ಮಾಹಿತಿ. ಬೇರೆ ಜಾತಿಯ ಸಹಪಾಠಿಗೆ ನಮ್ಮ ಮನೆಯಿಂದ ತರಬೇಕಾದದ್ದೂ ಇಲ್ಲ, ಕೊಡಬೇಕಾದದ್ದೂ ಇಲ್ಲ. ಆದುದರಿಂದಲೇ ಅವನ ಕಿವಿ ಶುದ್ಧವಾಗಿರುತ್ತದೆ.

ಈಗಿನ ನಡುವಯಸ್ಸಿನವರ ಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆ, ಜನರ ಬಾಯಲ್ಲಿ ಸಿ.ಇ.ಟಿ., ನಮ್ಮ ರಾಜ್ಯದಲ್ಲಿ 1994ರಲ್ಲಿ ಮೊದಲಾಯಿತು. ಶಾಲಾಮಾಸ್ತರರ, ಸಣ್ಣ ಹಿಡುವಳಿದಾರರ ಮಕ್ಕಳು ಫ್ರೀ ಸೀಟಿನಲ್ಲಿ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿ, ಪೇಮೆಂಟ್ ಸೀಟಿನಲ್ಲಿ ಬಂದ ಸಿರಿವಂತರ ಮಕ್ಕಳ ಪಕ್ಕದಲ್ಲಿ ಕುಳಿತ ಕಾಲ ಅದು. ಅಂದು ಮೊದಲ ಬಾರಿಗೆ ಆ ಪರೀಕ್ಷೆ ಬರೆದವರು ಇದೀಗ ಐವತ್ತನ್ನು ಮುಟ್ಟುತ್ತಿದ್ದಾರೆ; ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಐವತ್ತು ಎಂಬುದು ಎಂಥ ವಯಸ್ಸೆಂಬುದನ್ನು ಅವರನ್ನೇ ಕೇಳಬೇಕು. ಅವರಿಗಿಂತ ಕೊಂಚ ಹಿರಿಯರ ಕಥೆ ಮತ್ತೊಂದು ಬಗೆಯದು. ಟೆಲಿಫೋನ್ ಇಲಾಖೆಯಲ್ಲಿ ನೌಕರಿಯೆಂದರೆ ಹೆಣ್ಣು ಕೊಡುವವರು ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳಲ್ಲಿ ಸೇರಿದ ನಮ್ಮ ಓರಗೆಯವರು ಎಷ್ಟೋ ಮಂದಿ, 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್. ಸಂಸ್ಥೆಯಿಂದ ಒಂದೇ ದಿನ ಸ್ವಯಂನಿವೃತ್ತಿ ಪಡೆದ 78 ಸಾವಿರಕ್ಕೂ ಮಿಕ್ಕ ಜನರ ನಡುವೆ ಇದ್ದರು. ಐವತ್ತು ತುಂಬಿದವರಿಗೆ ತೆರೆದಿದ್ದ ಯೋಜನೆ ಅದು. ಹಾರ ಹಾಕಿಸಿಕೊಂಡು ಮನೆಗೆ ಬಂದವರು, ಮುಂದೇನು ಮಾಡೋಣವೆಂದು ಯೋಚಿಸುವುದಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ, ಮಹಾಮಾರಿಯ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಸಹಾಧ್ಯಾಯಿಗಳಿಗೆ ಮಧ್ಯವಯಸ್ಸಿನಲ್ಲಿ ಒದಗುವ ಪರೀಕ್ಷೆಯನ್ನು ನಮ್ಮ ಪುರಾಣೇತಿಹಾಸಗಳು ಬಹು ಹಿಂದೆಯೇ ಕಂಡಿದ್ದವು. ಮಹಾಭಾರತದಲ್ಲಿ ದ್ರೋಣನೂ ದ್ರುಪದನೂ ಜತೆಯಲ್ಲಿ ಆಡಿ ಓದಿದವರು. ಒಬ್ಬನು ಪಾಂಚಾಲಕ್ಕೆ ರಾಜನಾದ. ಮತ್ತೊಬ್ಬನ ಮನೆಯಲ್ಲಿ ಮಗುವಿಗೆ ಹಾಲಿಲ್ಲ. ಹಿಟ್ಟು ಕಲಸಿದ ನೀರನ್ನು ಕುಡಿದು ತಾನು ಹಾಲು ಕುಡಿದೆನೆಂದು ಕುಣಿದಾಡಿದ ಅಶ್ವತ್ಥಾಮನನ್ನು ಕಂಡು ತಾಳಲಾರದೆ ದ್ರೋಣನು ಹಳೆಯ ಸಖನಲ್ಲಿಗೆ ಹೋದರೆ, ಅರಸನಿಗೂ ದರಿದ್ರನಿಗೂ ಎಲ್ಲಿಯ ಸಖ್ಯ ಎಂಬ ಉತ್ತರ ದೊರೆಯಿತು. ಆ ಒಂದು ಉತ್ತರದ ಬೆಲೆಯಾಗಿ ದ್ರುಪದನು ಅರ್ಧ ರಾಜ್ಯವನ್ನು ತೆತ್ತ. ಆ ಅವಮಾನದ ಪ್ರತೀಕಾರಕ್ಕೆ ಹುಟ್ಟಿದ ಧೃಷ್ಟದ್ಯುಮ್ನನ ಕೈಯಲ್ಲಿ ದ್ರೋಣನು ತಲೆಯನ್ನು ಕಳೆದುಕೊಂಡ. ಭಾಗವತದ ಕುಚೇಲನ ವೃತ್ತಾಂತ ಇದಕ್ಕೆ ಎದುರು ನಿಲ್ಲುವಂಥದು. ಹೆಂಡತಿ ನೆರೆಮನೆಗಳಲ್ಲಿ ಬೇಡಿ ತಂದ ಹಿಡಿ ಅವಲಕ್ಕಿಯನ್ನು ಹರಕು ಬಟ್ಟೆಯಲ್ಲಿ ಗಂಟುಕಟ್ಟಿಕೊಂಡು ದ್ವಾರಕೆಗೆ ಹೋದವನು ಬಾಯಿಬಿಟ್ಟು ಏನನ್ನೂ ಬೇಡದೆ ಹಿಂದಿರುಗಿದ. ಹರಿಕಥೆಯ ದಾಸರು ಇಲ್ಲಿ ಅವಲಕ್ಕಿಯ ಮಹಿಮೆಯನ್ನು ವಿಸ್ತಾರವಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕೃಷ್ಣನು ಮಾತನ್ನು ಎತ್ತಿಕೊಂಡ ಕ್ರಮ. ಸಾಂದೀಪನಿಯ ಆಶ್ರಮದಲ್ಲಿದ್ದಾಗ ಗುರುಪತ್ನಿಯ ಅಪ್ಪಣೆಯಂತೆ ಸೌದೆ ತರಲು ಕಾಡಿಗೆ ಹೋಗಿ, ಬಿರುಗಾಳಿ ಮಳೆಗೆ ಸಿಕ್ಕಿ, ಇಬ್ಬರೂ ದಾರಿತಪ್ಪಿ ತೊಯ್ದ ರಾತ್ರಿಯನ್ನು ಅವನು ನೆನಪಿಗೆ ತಂದ. ಕೊಡುವುದಕ್ಕೆ ಮೊದಲು, ಇಬ್ಬರೂ ಸಮನಾಗಿ ನೆನೆದಿದ್ದ ಜಾಗಕ್ಕೆ ಗೆಳೆಯನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ. ಉಪಕಾರವನ್ನು ಮಾಡಬಲ್ಲವರು ಲೋಕದಲ್ಲಿ ಬಹುಮಂದಿ ಸಿಕ್ಕಿಯಾರು. ಅದರ ಭಾರ ಇನ್ನೊಬ್ಬನ ಬೆನ್ನಿಗೆ ಬೀಳದಂತೆ ಮಾಡಬಲ್ಲವರು ವಿರಳ.

ವಿರಳವೇ ಹೊರತು ಇಲ್ಲವೆಂದಲ್ಲ. ನನ್ನ ತರಗತಿಯಲ್ಲಿ ಓದಿ, ಟೆಲಿಫೋನಿನ ನೌಕರಿಯಿಂದ ಮೇಲೆ ಹೇಳಿದ ರೀತಿಯಲ್ಲಿ ಹೊರಬಂದ ಒಬ್ಬಾತ, ಕೆಲವು ತಿಂಗಳು ಕಳೆಯುವುದರೊಳಗೆ ಗಡ್ಡ ತೆಗೆಯುವುದನ್ನು ಬಿಟ್ಟು, ಫೋನು ಮಾಡಿದರೆ ಹೆಂಡತಿಯ ಕೈಗೆ ಕೊಟ್ಟು, ಹಿತ್ತಲಲ್ಲಿ ಕುಳಿತುಬಿಡುತ್ತಿದ್ದ. ದುಡ್ಡಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಬೆಳಗ್ಗೆ ಎದ್ದು ಹೋಗುವುದಕ್ಕೆ ಒಂದು ಕಡೆ ಇರಲಿಲ್ಲ, ಅಷ್ಟೆ. ಶಿರಸಿಯಲ್ಲಿ ಅಡಕೆಯ ಮಂಡಿಯಿಟ್ಟುಕೊಂಡಿರುವ ಮತ್ತೊಬ್ಬ ಸಹಪಾಠಿಗೆ ಈ ಸಂಗತಿ ಯಾರಿಂದಲೋ ತಿಳಿಯಿತು. ಅವನು ಸಮಾಧಾನದ ಮಾತನ್ನು ಒಂದನ್ನೂ ಆಡಲಿಲ್ಲ. ಕೊಯ್ಲಿನ ಕಾಲ ಬಂದಾಗ ಫೋನು ಮಾಡಿ, 'ನನ್ನ ಲೆಕ್ಕದವನು ಕೈಕೊಟ್ಟಿದ್ದಾನೆ ಮಾರಾಯ, ಗೊತ್ತಿಲ್ಲದವರ ಕೈಗೆ ಪುಸ್ತಕ ಕೊಟ್ಟರೆ ಮುಳುಗಿಹೋಗುತ್ತೇನೆ, ಕೊಯ್ಲು ಮುಗಿಯುವವರೆಗೆ ಬಂದು ನನ್ನನ್ನೊಂದಿಷ್ಟು ಉಳಿಸು' ಎಂದು ಗೋಗರೆದ. ಇವನು ಹೋದ. ರಾಶಿ ಯಾವುದು, ಚಾಲಿ ಯಾವುದು, ಬೆಟ್ಟೆ ಯಾವುದು ಎಂಬುದನ್ನು ಕಲಿತು, ಬೆಳೆಗಾರರ ಮುಂಗಡಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸಿ, ಒಂದು ಕಂತಿನಲ್ಲಿದ್ದ ಹಳೆಯ ತಪ್ಪನ್ನೂ ಹಿಡಿದುಕೊಟ್ಟ. ಲೆಕ್ಕದವನು ಕೈಕೊಟ್ಟಿರಲೇ ಇಲ್ಲ, ಅವನನ್ನು ಗೋದಾಮಿನ ಉಸ್ತುವಾರಿಗೆ ಹಾಕಿ ಸಂಬಳವನ್ನೂ ಒಂದು ಸಾವಿರ ಏರಿಸಿ ಬಾಯಿ ಮುಚ್ಚಿಸಿದ್ದರು ಎಂಬುದು ಮರುವರ್ಷ ಬಯಲಾಯಿತು. ಆ ವೇಳೆಗೆ ಇವನು ಅದನ್ನು ಕೇಳಿ ನಗುವಷ್ಟು ಗಟ್ಟಿಯಾಗಿದ್ದ; ಈಗಲೂ ಕೊಯ್ಲಿಗೆ ಹೋಗುತ್ತಾನೆ.

ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 1938ರಲ್ಲಿ 268 ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರ ಆರೋಗ್ಯ, ಸಂಸಾರ, ಉದ್ಯೋಗ, ಸುಖದುಃಖಗಳನ್ನೆಲ್ಲ ಆಯುಷ್ಯದುದ್ದಕ್ಕೂ ಬೆನ್ನಟ್ಟಿ ಬರೆದಿಡುವ ಅಧ್ಯಯನವೊಂದನ್ನು ಆರಂಭಿಸಿದರು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತರಾಗಿದ್ದವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿ ಉಳಿದರು, ಈ ವಿಷಯದಲ್ಲಿ ರಕ್ತದ ಕೊಲೆಸ್ಟರಾಲಿಗಿಂತ ಸ್ನೇಹದ ಲೆಕ್ಕವೇ ಸರಿಯಾದ ಭವಿಷ್ಯ ಹೇಳಿತು ಎಂದು ಅದರ ನಿರ್ದೇಶಕರಾದ ರಾಬರ್ಟ್ ವಾಲ್ಡಿಂಗರ್ ಅವರು ಹೇಳಿರುವುದು ಪ್ರಸಿದ್ಧವಾಗಿದೆ. ಆ ವಿದ್ಯಾರ್ಥಿಗಳೆಲ್ಲರೂ ಗಂಡಸರು, ಎಲ್ಲರೂ ಬಿಳಿಯರು ಎಂಬುದನ್ನು ಮರೆಯತಕ್ಕದ್ದಲ್ಲ. ಆದರೂ ನಮ್ಮ ಅಜ್ಜಿಯರಿಗೆ ತಿಳಿದಿದ್ದ ವಿಚಾರಕ್ಕೆ ಎಂಬತ್ತು ವರ್ಷಗಳ ಲೆಕ್ಕಪತ್ರದ ಬೆಂಬಲ ಸಿಕ್ಕಿರುವುದು ಒಳ್ಳೆಯದೇ.

ನಮ್ಮಲ್ಲಿ ಸಹಪಾಠಿಗಳು ಕೂಡುವುದಿಲ್ಲವೆಂದು ಯಾರೂ ಹೇಳಲಾರರು. ಬೇಸಗೆ ಬಂದಿತೆಂದರೆ ಕರ್ನಾಟಕದ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಗುರುವಂದನೆ ಮತ್ತು ಸ್ನೇಹಸಮ್ಮಿಲನಗಳು ನಡೆಯುತ್ತವೆ. ನಿವೃತ್ತ ಅಧ್ಯಾಪಕರಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಫಲಕ; ಅವರು ಬದುಕಿರುವಾಗಲೇ ಈ ಗೌರವ ಸಲ್ಲುವುದು ಸಂತೋಷದ ವಿಷಯ. ಆದರೆ ಅದಾದ ಮೇಲೆ ನಡೆಯುವ ಪರಿಚಯಪರ್ವವನ್ನು ನೋಡಿ. ಒಬ್ಬೊಬ್ಬರೂ ಧ್ವನಿವರ್ಧಕದ ಮುಂದೆ ಬಂದು ಹುದ್ದೆ, ಮನೆಯಿರುವ ಬಡಾವಣೆ, ಮಕ್ಕಳಿರುವ ದೇಶ, ಈ ಮೂರನ್ನು ಹೇಳಿ ಇಳಿಯುತ್ತಾರೆ. ಹೇಳುವುದಕ್ಕೆ ಈ ಮೂರೂ ಇಲ್ಲದವರು ಮೊದಲ ವರ್ಷ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಎರಡನೆಯ ವರ್ಷ ನಂಟರ ಮದುವೆಯ ನೆಪ ಹೇಳುತ್ತಾರೆ. ಮೂರನೆಯ ವರ್ಷದಿಂದ ಅವರ ನಂಬರು ಸಿಗುವುದಿಲ್ಲ. ಯಾರಿಗಾಗಿ ಈ ಕೂಟ ಅತ್ಯಾವಶ್ಯಕವೋ ಅವರನ್ನೇ ಅದು ಹೀಗೆ ಸದ್ದಿಲ್ಲದೆ ಸೋಸಿ ಹೊರಗೆ ಹಾಕುತ್ತದೆ. ಕಾಲೇಜುಗಳಾದರೂ ಈ ವಿಷಯದಲ್ಲಿ ದಾರಿ ತೋರಿಸುತ್ತವೆಯೆ ಎಂದರೆ ಅದೂ ಇಲ್ಲ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯುಳ್ಳ ರಾಷ್ಟ್ರೀಯ ಮೌಲ್ಯಾಂಕನ ಮಂಡಳಿ, ಎಲ್ಲರೂ ನ್ಯಾಕ್ ಎಂದು ಕರೆಯುವುದು, ಹಳೆಯ ವಿದ್ಯಾರ್ಥಿಗಳ ಸಂಪರ್ಕಕ್ಕೆಂದು ಅಂಕಗಳನ್ನು ಇಟ್ಟಿತು. ಅದರ ನಮೂನೆಯಲ್ಲಿ ವಿಚಾರಿಸಿದ ಒಂದು ಪ್ರಶ್ನೆ, ಅವರಿಂದ ವರ್ಷಕ್ಕೆ ಎಷ್ಟು ಲಕ್ಷ ರೂಪಾಯಿ ಬಂದಿತು ಎಂಬುದು. ಅಂದಮೇಲೆ ಪ್ರಾಂಶುಪಾಲರು ಹಳೆಯ ವಿದ್ಯಾರ್ಥಿಯನ್ನು ಕಂಡೊಡನೆ ಕಟ್ಟಡನಿಧಿಯ ರಸೀತಿ ಪುಸ್ತಕವನ್ನು ನೆನೆಯುವುದು ಅವರ ದೋಷವೆಂದು ಹೇಗೆ ಹೇಳೋಣ? ನನ್ನ ಸೂಚನೆ ಒಂದೇ. ಪರಿಚಯಪರ್ವವನ್ನು ಕೈಬಿಟ್ಟು, ಪ್ರಯೋಗಶಾಲೆಯ ಹಳೆಯ ಬ್ಯಾಚುಗಳಂತೆ ನಾಲ್ಕು ನಾಲ್ಕು ಮಂದಿಯನ್ನು ಒಂದೊಂದು ಮರದ ಕೆಳಗೆ ಕೂರಿಸಿ, ಎರಡು ಗಂಟೆಗಳ ಕಾಲ ಅವರ ಪಾಡಿಗೆ ಬಿಟ್ಟುಬಿಡಿ.

ಹೆಂಗಸರ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಮೈಸೂರಿನಲ್ಲಿ 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಹುಟ್ಟಿ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದ ಸಂಸ್ಥೆಯಂಥವುಗಳಿಂದ ತಲೆಮಾರುಗಳ ಕಾಲ ಹೆಣ್ಣುಮಕ್ಕಳು ಪದವೀಧರೆಯರಾಗಿ ಹೊರಬಂದರು; ಬಂದವರು ಮದುವೆಯಾಗಿ ಹೆಸರಿನ ಹಿಂದುಮುಂದಣ ಅಕ್ಷರಗಳನ್ನು ಬದಲಿಸಿಕೊಂಡು, ಊರನ್ನು ಬದಲಿಸಿಕೊಂಡು, ಹುಡುಕುವವರಿಗೆ ದಕ್ಕದಂತೆ ಹೋದರು. ಗಂಡಸರ ತರಗತಿಯನ್ನು ಮೂವತ್ತು ವರ್ಷದ ಮೇಲೆ ಒಂದುಗೂಡಿಸುವುದು ಒಂದು ವಾರದ ಕೆಲಸವಾದರೆ, ಹೆಂಗಸರದು ತವರಿನ ಕಿರಾಣಿ ಅಂಗಡಿಯಿಂದ ಮೊದಲಾಗಿ ಅಣ್ಣನ ಹೆಂಡತಿಯವರೆಗೆ ಕೇಳುತ್ತ ಹೋಗಬೇಕಾದ ಅನ್ವೇಷಣೆ. ಆದರೆ ಒಮ್ಮೆ ಸಿಕ್ಕಿದ ಮೇಲೆ ಈ ನಂಟನ್ನು ಸರಿಯಾಗಿ ಬಳಸಿಕೊಳ್ಳುವುದರಲ್ಲಿ ಅವರು ನಮಗಿಂತ ಬಹಳ ಮುಂದೆ ಇದ್ದಾರೆ.

ನಮ್ಮ ತರಗತಿಯ ಒಬ್ಬ ಸಹಪಾಠಿನಿ, ಈಗ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ, ತನ್ನ ಅನುಭವವನ್ನು ಎಲ್ಲರಿಗೂ ಹೇಳು ಎಂದು ತಾನೇ ಅಪ್ಪಣೆ ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ. ನಲವತ್ತಾರರ ಸುಮಾರಿನಲ್ಲಿ ಆಕೆಗೆ ನಡುರಾತ್ರಿ ಎದೆ ಡವಗುಟ್ಟಿ ಎಚ್ಚರವಾಗುವುದು, ಕಿವಿಯಿಂದ ಕತ್ತಿನವರೆಗೆ ಬೆಂಕಿ ಹಾಯ್ದಂತಾಗಿ ರವಿಕೆ ತೊಯ್ಯುವಷ್ಟು ಬೆವರುವುದು, ಬೆಳಗ್ಗೆ ಮಕ್ಕಳ ಹೆಸರು ನಾಲಗೆಯ ತುದಿಯಲ್ಲಿ ನಿಂತುಬಿಡುವುದು ಆರಂಭವಾಯಿತು. ಇ.ಸಿ.ಜಿ. ಮಾಡಿಸಿದರು, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿದರು. ಹೃದಯ ಕಲ್ಲಿನಂತಿದೆ ಎಂದರು. ಅತ್ತೆ ದೃಷ್ಟಿ ತೆಗೆದರು, ಗಂಡ ಟೆನ್ಷನ್ ಕಡಮೆ ಮಾಡಿಕೋ ಎಂದ. ಕೊನೆಗೆ ಕಾಲೇಜಿನಲ್ಲಿ ಜತೆಗೆ ಜಿರಲೆ ಕೊಯ್ದ ಗೆಳತಿಯೊಬ್ಬಳು ಧಾರವಾಡದಿಂದ ಫೋನಿನಲ್ಲಿ ಎಲ್ಲವನ್ನೂ ಕೇಳಿಕೊಂಡು, ಅದುವರೆಗೆ ಒಬ್ಬರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು: 'ಮುಟ್ಟು ಸರಿಯಾಗಿ ಆಗಾಕತ್ತೈತೇನ?' ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46–47ರ ಸುಮಾರಿಗೆ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮೊದಲು; ಅದಕ್ಕೂ ಕೆಲವು ವರ್ಷ ಮುಂಚಿನಿಂದಲೇ ಈ ಲಕ್ಷಣಗಳು ತಲೆದೋರಬಹುದು. ಅಂಡಾಶಯದ ಸ್ರಾವಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಪ್ರಾಣಿಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದಿದ್ದ ಆ ಇಬ್ಬರಿಗೂ, ಪುಸ್ತಕದಲ್ಲಿದ್ದ ಆ ಚಿತ್ರ ತಮ್ಮ ದೇಹದ್ದೇ ಎಂಬುದನ್ನು ಯಾವ ಅಧ್ಯಾಪಕರೂ ಹೇಳಿರಲಿಲ್ಲ. ಈಗ ಆ ಸಹಪಾಠಿನಿಯರ ಗುಂಪಿನಲ್ಲಿ ಒಂದು ಕಟ್ಟಳೆಯಾಗಿದೆ: ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗತಕ್ಕದ್ದಲ್ಲ. ಎರಡನೆಯ ಶನಿವಾರ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಸ್ತನದ ತಪಾಸಣೆಗೆ ಇಬ್ಬಿಬ್ಬರಾಗಿ ಹೋಗುತ್ತಾರೆ. ಒಬ್ಬಳು ವೈದ್ಯರೊಡನೆ ಮಾತಾಡುವಾಗ ಇನ್ನೊಬ್ಬಳು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಾಳೆ. ಮೂವತ್ತು ವರ್ಷಗಳ ಹಿಂದೆ ಪ್ರಯೋಗದ ರೆಕಾರ್ಡು ಬರೆಯುತ್ತಿದ್ದ ಅಭ್ಯಾಸ ಹೀಗೆ ಸಾರ್ಥಕವಾಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ಅಪಾಯಗಳನ್ನೂ ಹೇಳದಿದ್ದರೆ ವಂಚನೆಯಾದೀತು. ಹಳೆಯ ಸಲಿಗೆಯನ್ನು ಬಂಡವಾಳ ಮಾಡಿಕೊಂಡು ವಿಮೆಯ ಪಾಲಿಸಿಯನ್ನೂ, ಇನ್ನೂ ಮಂಜೂರಾಗದ ಬಡಾವಣೆಯ ನಿವೇಶನವನ್ನೂ, ಸಕಲರೋಗಹರವಾದ ಪುಡಿಯನ್ನೂ ಮಾರುವವನು ಪ್ರತಿಯೊಂದು ತರಗತಿಯಲ್ಲಿಯೂ ಒಬ್ಬನಿರುತ್ತಾನೆ. ಅವನಿಂದ ಕೈತಪ್ಪುವ ಹಣಕ್ಕೊಂದು ಮಿತಿಯಿದೆ. ಜಾಮೀನಿನ ಕಾಗದಕ್ಕೆ ಹಾಕುವ ರುಜುವಿನಿಂದಾಗುವ ಹಾನಿಗೆ ಮಿತಿಯಿಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಷರತ್ತನ್ನು ಬರೆದುಕೊಳ್ಳದಿದ್ದ ಪಕ್ಷದಲ್ಲಿ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಪೂರ್ಣವಾದದ್ದು. ಗೆಳೆಯನಿಗೆ ಕೊಡಲೇಬೇಕೆಂದು ತೋರಿದರೆ, ಹಿಂದಕ್ಕೆ ಬರದಿದ್ದರೂ ನಿದ್ರೆ ಕೆಡದಷ್ಟು ಹಣವನ್ನು ಕೊಟ್ಟು ಮರೆತುಬಿಡುವುದು ಲೇಸು. ರಾಜಕೀಯದ ಮಾತು ಎರಡನೆಯ ಅಪಾಯ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಚುನಾವಣೆಯ ಕಾರಣದಿಂದ ಒಡೆದುಹೋದ ಹಳೆಯ ತರಗತಿಗಳು ಎಷ್ಟೆಂಬುದನ್ನು ಓದುಗರೇ ಬಲ್ಲರು. ಇದಕ್ಕೆ ನನ್ನಲ್ಲಿ ಮದ್ದಿಲ್ಲ. ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ, ನಾವಿದ್ದೇವೆ ಎಂಬ ಮಾತುಗಳಿಂದ ಬೇಸರ ಹೋಗಬಹುದು, ವ್ಯಾಧಿ ಹೋಗದು. ಊಟ ನಿದ್ರೆಗಳು ವಾರಗಟ್ಟಲೆ ಕೆಟ್ಟವನನ್ನು, ಬದುಕಿ ಪ್ರಯೋಜನವೇನೆಂದು ಒಮ್ಮೆಯಾದರೂ ಆಡಿದವನನ್ನು ಗೆಳೆಯರು ತಾವೇ ಸಂತೈಸುತ್ತ ಕೂರದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಇಡೀ ದೇಶದ ಆ ಏರ್ಪಾಡಿಗೆ ಮೂಲಸ್ಥಾನ.

ಈ ವಯಸ್ಸಿನಲ್ಲಿ ತರಗತಿಯಿಂದ ಒಬ್ಬೊಬ್ಬರಾಗಿ ಎದ್ದುಹೋಗುವುದೂ ಆರಂಭವಾಗುತ್ತದೆ. ನಮ್ಮವರಲ್ಲಿ ಖಾಸಗಿ ಕಾರ್ಖಾನೆಯ ಉದ್ಯೋಗದಲ್ಲಿದ್ದ ಒಬ್ಬಾತ ಐವತ್ತೆರಡನೆಯ ವಯಸ್ಸಿನಲ್ಲಿ, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡ. ಅಂತ್ಯಕ್ರಿಯೆಗೆ ಎಲ್ಲರೂ ಬಂದರು; ಹದಿಮೂರನೆಯ ದಿನಕ್ಕೆ ಕೆಲವರು ಬಂದರು; ಆಮೇಲೆ ಸಾವು ಕಾಗದಪತ್ರಗಳ ರೂಪವನ್ನು ತಾಳುತ್ತದೆಂಬುದು ಅನುಭವಿಸಿದವರಿಗೆ ಮಾತ್ರ ಗೊತ್ತು. ಮರಣಪತ್ರದ ಪ್ರತಿಗಳು, ನಾಡಕಚೇರಿಯಲ್ಲಿ ವಂಶವೃಕ್ಷ, ಬ್ಯಾಂಕಿನ ಖಾತೆಗೆ ನಾಮಿನಿಯಾಗಿ ಇನ್ನೂ ತಾಯಿಯ ಹೆಸರೇ ಇರುವುದು, ಯಾವ ಪೆಟ್ಟಿಗೆಯ ಬೀಗದ ಕೈ ಯಾವುದೆಂದು ಗೊತ್ತಿಲ್ಲದಿರುವುದು. ನಮ್ಮ ತರಗತಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆಸಿಕೊಂಡ ಇಬ್ಬರು ಈ ಕೆಲಸವನ್ನು ಹೊತ್ತುಕೊಂಡರು. ನೌಕರರ ಭವಿಷ್ಯನಿಧಿಗೆ ಸೇರಿದವನು ಸೇವೆಯಲ್ಲಿರುವಾಗ ಮೃತನಾದರೆ ಅವನ ಮನೆಯವರಿಗೆ ಸಲ್ಲತಕ್ಕ ವಿಮೆಯೊಂದಿದೆ; ಅದರ ಮೇಲ್ಮಿತಿ 2021ರಿಂದ 7 ಲಕ್ಷ ರೂಪಾಯಿ. ಅದರ ಕಂತನ್ನು ನೌಕರನ ಸಂಬಳದಿಂದ ಹಿಡಿಯದೆ ಮಾಲೀಕನೇ ತುಂಬುವುದರಿಂದ, ಅಂಥದೊಂದು ಇದೆಯೆಂಬುದೇ ಬಹಳ ಮನೆಗಳಿಗೆ ತಿಳಿದಿರುವುದಿಲ್ಲ. ತೀರಿಕೊಂಡ ನಮ್ಮ ಗೆಳೆಯನ ಹೆಂಡತಿಗೂ ತಿಳಿದಿರಲಿಲ್ಲ. ಅದನ್ನೂ, 1995ರ ಯೋಜನೆಯ ಪ್ರಕಾರ ವಿಧವೆಗೆ ಬರಬೇಕಾದ ಮಾಸಿಕ ಪಿಂಚಣಿಯನ್ನೂ ಬರಿಸುವಷ್ಟರಲ್ಲಿ ಎಂಟು ತಿಂಗಳಾಯಿತು.

ಇದರ ನಡುವೆ ಮಗಳ ಓದಿಗೆಂದು ತರಗತಿಯವರು ಒಂದಿಷ್ಟು ಹಣವನ್ನು ಕೂಡಿಸಿದರು. ಸ್ನೇಹಸಮ್ಮಿಲನದ ದಿನ ಆ ತಾಯಿಯನ್ನೂ ಮಗಳನ್ನೂ ವೇದಿಕೆಗೆ ಕರೆದು, ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿಸಿದ ಚೆಕ್ಕಿನ ಮಾದರಿಯನ್ನು ಕೈಗೆ ಕೊಟ್ಟು ಫೋಟೋ ತೆಗೆಸಬೇಕೆಂದು ಮೂರು ನಾಲ್ಕು ಮಂದಿ ಹಠಹಿಡಿದರು. ಇತರರಿಗೂ ಸ್ಫೂರ್ತಿಯಾಗುತ್ತದೆಂಬುದು ಅವರ ವಾದ. ಕಾಗದಪತ್ರದ ಕೆಲಸ ಹೊತ್ತಿದ್ದ ಇಬ್ಬರು ಬಹಳ ಹೊತ್ತು ಕೇಳಿಸಿಕೊಂಡರು, ಹೂಂಗುಟ್ಟಿದರು, ಸಭೆ ಮುಗಿದ ಮಾರನೆಯ ದಿನವೇ ಹಣವನ್ನು ನೇರವಾಗಿ ಹುಡುಗಿಯ ಕಾಲೇಜಿನ ಶುಲ್ಕಕ್ಕೆ ಕಟ್ಟಿ ರಸೀತಿಯನ್ನು ಅಂಚೆಯಲ್ಲಿ ಕಳುಹಿಸಿಬಿಟ್ಟರು. ಚೆಕ್ಕಿನ ಮಾದರಿಗೆ ಮುಂಗಡ ಕೊಟ್ಟಿದ್ದವರು ಈಗಲೂ ಆ ಇಬ್ಬರ ಮೇಲೆ ಮುನಿಸಿಕೊಂಡಿದ್ದಾರೆ.